ಟಂಗ್‌ಸ್ಟನ್ ಬಾಗಿದ ಬಗೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದೀಪ ತಯಾರಕರ ಕಣ್ಣೆಲ್ಲ ಟಂಗ್‌ಸ್ಟನ್ ಮೇಲಿತ್ತು. ಸುಮಾರು 3,400 ಡಿಗ್ರಿ ಸೆಲ್ಸಿಯಸ್‌ವರೆಗೂ ಕರಗದ ಈ ಲೋಹದ ತಂತು, ಇಂಗಾಲದ ತಂತುವಿಗಿಂತ ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಬೆಳಕು ಕೊಡುತ್ತಿತ್ತು. ಆದರೆ ಲೋಹ ಬಲು ಪೆಡಸು. ಅದರ ಪುಡಿಯನ್ನು ಅಂಟಿನಲ್ಲಿ ಕಲಸಿ ಮಾಡಿದ ತಂತುಗಳು ಸಣ್ಣ ಅಲುಗಾಟಕ್ಕೂ ಮುರಿಯುತ್ತಿದ್ದವು.

ಅಮೆರಿಕದ ಸ್ಕೆನೆಕ್ಟಡಿಯಲ್ಲಿದ್ದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯವನ್ನು 1905ರಲ್ಲಿ ಸೇರಿದ ವಿಲಿಯಂ ಕೂಲಿಡ್ಜ್ ಈ ಲೋಹದ ಬೆನ್ನುಬಿದ್ದರು. ಪುಡಿಯನ್ನು ಒತ್ತಿ ಸರಳು ಮಾಡಿದರು. ಕರಗದಂತೆ ಕಾಯಿಸಿ ಗಟ್ಟಿಗೊಳಿಸಿದರು. ಬಿಸಿಯಿರುವಾಗಲೇ ಸುತ್ತಲೂ ಬಡಿದು, ವಜ್ರದಲ್ಲಿ ಕೊರೆದ ರಂಧ್ರಗಳ ಮೂಲಕ ಎಳೆದರು. ತಾಮ್ರವನ್ನು ತಣ್ಣಗೆ ಬಡಿದರೆ ಗಡುಸಾಗುತ್ತದೆ, ಕಾಯಿಸಿದರೆ ಮೆದುವಾಗುತ್ತದೆ. ಟಂಗ್‌ಸ್ಟನ್ ಇದಕ್ಕೆ ತದ್ವಿರುದ್ಧ. ಹದವಾದ ಬಿಸಿಯಲ್ಲಿ ಬಡಿದು ಎಳೆದಂತೆ ಅದರೊಳಗಿನ ಹರಳುಗಳು ನಾರಿನಂತೆ ಉದ್ದವಾಗುತ್ತವೆ, ತಂತಿ ತಣ್ಣಗಾದ ಮೇಲೂ ಬಾಗುತ್ತದೆ. ಅತಿಯಾಗಿ ಕಾಯಿಸಿದರೆ ಮತ್ತೆ ಪೆಡಸು. 1911ರಲ್ಲಿ ಈ ತಂತಿಯ ಬಲ್ಬುಗಳು ಮಾರುಕಟ್ಟೆಗೆ ಬಂದವು. 1913ರಲ್ಲಿ ಕೂಲಿಡ್ಜ್‌ಗೆ ಪೇಟೆಂಟ್ ಸಿಕ್ಕಿತು.

ರೇಡಿಯೊ ವಾಲ್ವ್‌ಗಳಿಗೂ ಟಂಗ್‌ಸ್ಟನ್ ತಂತಿ ಬೇಕಾದಾಗ ಜನರಲ್ ಎಲೆಕ್ಟ್ರಿಕ್‌ಗೆ ಡಿ ಫಾರೆಸ್ಟ್ ರೇಡಿಯೊ ಕಂಪನಿಯೊಂದಿಗೆ ಈ ಪೇಟೆಂಟಿನ ವ್ಯಾಜ್ಯ ಹತ್ತಿತು. 1928ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ, ಬಾಗುವ ಟಂಗ್‌ಸ್ಟನ್ ಮೇಲಿನ ಹಕ್ಕನ್ನು ತಳ್ಳಿಹಾಕಿತು. ಬಾಗುವುದು ಶುದ್ಧ ಟಂಗ್‌ಸ್ಟನ್‌ನ ಸಹಜ ಗುಣ, ಕೂಲಿಡ್ಜ್ ಅದನ್ನು ಶೋಧಿಸಿದರೇ ಹೊರತು ಸೃಷ್ಟಿಸಲಿಲ್ಲ ಎಂಬುದು ಅದರ ನಿಲುವು.

ತತ್ತ್ವವೇನೋ ಸರಿಯೇ. ಪ್ರಕೃತಿಯ ಗುಣಕ್ಕೆ ಯಾರೂ ಒಡೆಯರಲ್ಲ. 1895ರಲ್ಲಿ ಎಕ್ಸ್-ಕಿರಣ ಕಂಡ ರಾಂಟ್‌ಗನ್ ಪೇಟೆಂಟನ್ನೇ ಬಯಸಲಿಲ್ಲ. ಅದೇ ಕಿರಣವನ್ನು ವೈದ್ಯರು ಬೇಕೆಂದ ಪ್ರಮಾಣದಲ್ಲಿ ಹೊಮ್ಮಿಸುವ ಕೊಳವೆಯನ್ನು ಕೂಲಿಡ್ಜ್ 1913ರಲ್ಲಿ ರೂಪಿಸಿದರು. ಬಿಸಿ ಟಂಗ್‌ಸ್ಟನ್ ತಂತುವೇ ಅದರ ಜೀವಾಳ. ಕಿರಣ ಶೋಧ, ಕೊಳವೆ ಆವಿಷ್ಕಾರ, ಇಲ್ಲಿ ಗೊಂದಲವಿಲ್ಲ.

ತಂತಿಯ ವಿಷಯ ಅಷ್ಟು ಸರಳವಲ್ಲ. ಶುದ್ಧ ಟಂಗ್‌ಸ್ಟನ್ ಕೂಡ ಬಡಿದು ಎಳೆಯದಿದ್ದರೆ ತಣ್ಣಗಿರುವಾಗ ಸಾಮಾನ್ಯವಾಗಿ ಮುರಿಯುತ್ತದೆ. ಬಾಗಬಲ್ಲ ಸಾಧ್ಯತೆ ಲೋಹದ್ದು. ಬಾಗುವ ತಂತಿ ಮನುಷ್ಯನ ದುಡಿಮೆಯದು. ಮನುಷ್ಯ ಮುಟ್ಟದಿದ್ದರೂ ಇರುತ್ತಿದ್ದುದು ಶೋಧ, ಮುಟ್ಟಿದ್ದರಿಂದಲೇ ಆದದ್ದು ಆವಿಷ್ಕಾರ. ಈ ಅಳತೆಯಲ್ಲಿ ಕೂಲಿಡ್ಜ್ ಎರಡನ್ನೂ ಮಾಡಿದರು. ನ್ಯಾಯಾಲಯ ಒಂದನ್ನಷ್ಟೇ ಕಂಡಿತು.