ಪದ ಮತ್ತು ಪದಾರ್ಥ

ಕಣ್ಣಿಗೆ ಕಾಣುವ ವಸ್ತುವನ್ನು ನಾವು ‘ಪದಾರ್ಥ’ವೆಂದು ಕರೆಯುತ್ತೇವೆ. ಆ ಮಾತನ್ನು ಬಿಡಿಸಿ ನೋಡಿದರೆ ಪದದ ಅರ್ಥವೆಂದಾಗುತ್ತದೆ. ಪದವನ್ನು ಕಲಿಯುವುದೆಂದರೆ ಅದು ಸೂಚಿಸುವ ವಸ್ತುವನ್ನು ಅರಿಯುವುದೆಂಬ ತತ್ತ್ವವು ಈ ಒಂದು ಮಾತಿನಲ್ಲಿಯೇ ಅಡಗಿರುವಂತಿದೆ. ಇದೇ ತತ್ತ್ವವನ್ನು ಆಧಾರವಾಗಿಟ್ಟುಕೊಂಡು 1658ರಲ್ಲಿ ಜರ್ಮನಿಯ ನ್ಯೂರೆಂಬರ್ಗ್ ನಗರದಲ್ಲಿ ಒಂದು ಪಠ್ಯಪುಸ್ತಕವು ಅಚ್ಚಾಯಿತು. ಅದರ ಹೆಸರು ‘ಆರ್ಬಿಸ್ ಸೆನ್ಸುವಾಲಿಯಂ ಪಿಕ್ಟಸ್’. ಎಂದರೆ, ಚಿತ್ರಗಳಲ್ಲಿ ತೋರಿಸಿದ ಇಂದ್ರಿಯಗೋಚರ ಪ್ರಪಂಚ.

ಇದರ ಕರ್ತೃವಾದ ಕೊಮೇನಿಯಸನು 1592ರಲ್ಲಿ, ಇಂದಿನ ಚೆಕ್ ದೇಶಕ್ಕೆ ಸೇರಿದ ಮೊರೇವಿಯದಲ್ಲಿ ಜನಿಸಿದನು. 1618ರಲ್ಲಿ ಆರಂಭವಾದ ಮೂವತ್ತು ವರ್ಷಗಳ ಯುದ್ಧವು ಆತನ ಬಾಳನ್ನು ಬುಡಮೇಲು ಮಾಡಿತು. 1622ರಲ್ಲಿ ಹೆಂಡತಿ ಮಕ್ಕಳು ಪ್ಲೇಗಿಗೆ ತುತ್ತಾದರು. ಮತದ ಕಾರಣದಿಂದ 1628ರಲ್ಲಿ ತಾಯ್ನಾಡನ್ನು ತೊರೆದು ಪೋಲೆಂಡಿನ ಲೆಷ್ನೋ ಪಟ್ಟಣವನ್ನು ಸೇರಿದನು. 1656ರಲ್ಲಿ ಆ ಪಟ್ಟಣವೂ ಯುದ್ಧದಲ್ಲಿ ಸುಟ್ಟುಹೋಗಿ, ನಾಲ್ವತ್ತು ವರ್ಷಗಳಿಗೂ ಮಿಕ್ಕು ಆತನು ಕೂಡಿಸಿದ್ದ ಚೆಕ್ ಭಾಷೆಯ ನಿಘಂಟಿನ ಹಸ್ತಪ್ರತಿ ಬೂದಿಯಾಯಿತು. ಇಷ್ಟಾದ ಎರಡೇ ವರ್ಷಗಳಲ್ಲಿ ಮಕ್ಕಳ ಕೈಗೆ ಬಂದಿತು ಈ ಚಿತ್ರಪುಸ್ತಕ.

ಅಂದಿನ ಯೂರೋಪಿನಲ್ಲಿ ವಿದ್ಯೆಯ ಬಾಗಿಲು ಲ್ಯಾಟಿನ್ ಭಾಷೆಯಾಗಿದ್ದಿತು. ಮಕ್ಕಳು ಅರ್ಥವರಿಯದ ವ್ಯಾಕರಣಸೂತ್ರಗಳನ್ನು ಉರುಹೊಡೆಯಬೇಕಾಗಿತ್ತು. ಕೊಮೇನಿಯಸನು ಆ ಕ್ರಮವನ್ನೇ ತಿರುಗಿಸಿದನು: ಮೊದಲು ವಸ್ತು, ಅದರೊಡನೆ ಪದ. ಗ್ರಂಥದಲ್ಲಿರುವ ಪಾಠಗಳು 150. ಅಕ್ಷರಮಾಲೆಯಲ್ಲಿಯೇ ‘ಎ’ ಅಕ್ಷರಕ್ಕೆ ಕಾಗೆಯ ಕೂಗು, ‘ಬಿ’ ಅಕ್ಷರಕ್ಕೆ ಕುರಿಯ ಕೂಗು. ಮುಂದೆ ಬೆಂಕಿ, ಗಾಳಿ, ನೀರು, ಗಿಡಮರ, ಪ್ರಾಣಿ, ಮನುಷ್ಯನ ಅಂಗಾಂಗಗಳು, ಕಸುಬುಗಳು, ಗ್ರಹಣಗಳು. ಕಮ್ಮಾರನ ಪಾಠವನ್ನು ನೋಡೋಣ. ಚಿತ್ರದಲ್ಲಿ ತಿದಿ, ಇಕ್ಕಳ, ಅಡಿಗಲ್ಲು, ಸುತ್ತಿಗೆ ಇವುಗಳಿಗೆ ಒಂದೊಂದು ಅಂಕಿಯುಂಟು; ಕೆಳಗಿನ ವಾಕ್ಯಗಳಲ್ಲಿ ಆಯಾ ಹೆಸರಿನ ಬಳಿ ಅದೇ ಅಂಕಿ. ವಾಕ್ಯಗಳು ಲ್ಯಾಟಿನ್ನಿನಲ್ಲಿಯೂ ಜರ್ಮನ್ನಿನಲ್ಲಿಯೂ ಅಕ್ಕಪಕ್ಕದಲ್ಲಿವೆ. ಕಾಗದದ ಪಾಠದಲ್ಲಿ, ಪ್ರಾಚೀನರು ಹಲಗೆ, ಎಲೆ, ತೊಗಟೆಗಳ ಮೇಲೆ ಬರೆಯುತ್ತಿದ್ದ ಚರಿತ್ರೆಯೂ ಬರುತ್ತದೆ. ಹೀಗೆ ಭಾಷೆ, ವಿಜ್ಞಾನ, ಇತಿಹಾಸಗಳು ಒಂದೇ ಪುಟದಲ್ಲಿ ಕೂಡಿದವು. ಮರುವರ್ಷವೇ ಇದರ ಇಂಗ್ಲಿಷ್ ಆವೃತ್ತಿ ಹೊರಟಿತು. ನೂರು ವರ್ಷಗಳ ತರುವಾಯ, ಬಾಲಕನಾಗಿದ್ದ ಮಹಾಕವಿ ಗಯಟೆಯ ಕೈಯಲ್ಲಿಯೂ ಈ ಪುಸ್ತಕವಿದ್ದಿತು.

ಆದರೆ ಇಂತಹ ಗ್ರಂಥದಲ್ಲಿಯೂ ಒಂದು ದೊಡ್ಡ ತಪ್ಪು ಉಳಿಯಿತು. ಆಕಾಶದ ಪಾಠದಲ್ಲಿ ಭೂಮಿಯು ನಡುವೆ ನಿಂತಿದೆ. ಆಕಾಶವು ಅದನ್ನು ಸುತ್ತುತ್ತಿದೆ. ಭೂಮಿಯೇ ಸೂರ್ಯನನ್ನು ಸುತ್ತುತ್ತದೆಂದು ಸಾರಿದ ಕೊಪರ್ನಿಕಸನ ಗ್ರಂಥವು 1543ರಲ್ಲಿಯೇ, ಎಂದರೆ 115 ವರ್ಷಗಳ ಹಿಂದೆಯೇ, ಪ್ರಕಟವಾಗಿತ್ತು. ಅಷ್ಟೇ ಅಲ್ಲ, ಕೊಪರ್ನಿಕಸನು ಸ್ವಹಸ್ತದಿಂದ ಬರೆದ ಆ ಗ್ರಂಥದ ಮೂಲಪ್ರತಿಯನ್ನು ಕೊಮೇನಿಯಸನು 1614ರಲ್ಲಿ, ವಿದ್ಯಾರ್ಥಿಯಾಗಿದ್ದಾಗ, ಹೈಡೆಲ್ಬರ್ಗಿನಲ್ಲಿ ಕೊಂಡುಕೊಂಡಿದ್ದನು! ಅಂತಹ ಪ್ರತಿ ಕೈಯಲ್ಲಿದ್ದರೂ ಆತನಿಗೆ ಆ ವಾದವು ಒಪ್ಪಿಗೆಯಾಗಲಿಲ್ಲ.

ಹಾಗಾದರೆ ಇಂದ್ರಿಯಗಳನ್ನು ನಂಬಿದ್ದೇ ತಪ್ಪೆ? ಅಲ್ಲ. ಬರಿಗಣ್ಣಿಗೆ ಸೂರ್ಯನು ಪೂರ್ವದಿಂದ ಪಶ್ಚಿಮಕ್ಕೆ ಸಾಗುವಂತೆಯೇ ಕಾಣುತ್ತದೆ; ಆ ನೋಟವೊಂದೇ ಸಾಲದು. 1851ರಲ್ಲಿ ಪ್ಯಾರಿಸ್ಸಿನಲ್ಲಿ ಫೂಕೋ ಎಂಬ ವಿಜ್ಞಾನಿಯು ಉದ್ದವಾದ ತಂತಿಗೆ ಭಾರವಾದ ಗುಂಡನ್ನು ತೂಗಹಾಕಿ ಆಡಲು ಬಿಟ್ಟನು. ಗುಂಡು ತೂಗಾಡುವ ದಿಕ್ಕು ಮೆಲ್ಲಮೆಲ್ಲನೆ ತಿರುಗುತ್ತಾ ಹೋಗುವಂತೆ ನೆರೆದವರಿಗೆ ಕಂಡಿತು. ಅವರ ಕಾಲ ಕೆಳಗಿನ ಭೂಮಿಯು ತನ್ನ ಅಕ್ಷದ ಮೇಲೆ ತಿರುಗುತ್ತಿದ್ದುದೇ ಅದಕ್ಕೆ ಕಾರಣ. ಭೂಮಿಯ ಭ್ರಮಣವನ್ನು ಅಂದು ಕಣ್ಣೇ ಕಂಡಿತು. ಆದರೆ ಪ್ರಯೋಗದ ನೆರವಿನಿಂದ.

ಇಂದು ನಮಗೆ ಚಲಚ್ಚಿತ್ರ, ಗಣಕಯಂತ್ರ ಮುಂತಾಗಿ ಕೊಮೇನಿಯಸನು ಕನಸಿನಲ್ಲಿಯೂ ಕಾಣದಿದ್ದ ಸಾಧನಗಳುಂಟು. ಚಿತ್ರವು ಅಂದವಾದಷ್ಟೂ ಅದರಲ್ಲಿರುವ ತಪ್ಪನ್ನು ನಂಬುವುದು ಸುಲಭ. ಆದುದರಿಂದ ವಿದ್ಯಾರ್ಥಿಗಳಾದವರು ಪ್ರತಿಯೊಂದು ಪಾಠಕ್ಕೂ ಎರಡು ಪ್ರಶ್ನೆಗಳನ್ನು ಹಾಕಬೇಕು: ಈ ಪದದ ಹಿಂದಿರುವ ಪದಾರ್ಥ ಯಾವುದು? ಅದು ಹೀಗೆಯೇ ಇದೆಯೆಂದು ತಿಳಿದುದು ಹೇಗೆ? ಮೊದಲನೆಯ ಪ್ರಶ್ನೆಯನ್ನು ಕೇಳಲು ಕಲಿಸಿದವನು ಕೊಮೇನಿಯಸ್. ಎರಡನೆಯದನ್ನು ಕೇಳಿದಾಗಲೇ ಓದು ವಿಜ್ಞಾನವಾಗುತ್ತದೆ.