ನಮ್ಮ ಗೇಟಿನಿಂದ ಹೊರಟ ಚೀಲ ಎಲ್ಲಿಗೆ ಹೋಗುತ್ತದೆ?

ಬೆಳಿಗ್ಗೆ ಆರೂವರೆಗೆ ಮದ್ರಸದ ಗೇಟು ತೆಗೆಯುವ ಹೊತ್ತಿಗೆ ಕಂಪೌಂಡ್ ಗೋಡೆಯ ಬುಡದಲ್ಲಿ ಎರಡು ಮೂರು ಕಪ್ಪು ಪ್ಲಾಸ್ಟಿಕ್ ಚೀಲಗಳು ಬಿದ್ದಿರುತ್ತಿದ್ದವು. ರಾತ್ರಿ ಯಾರೋ ಸ್ಕೂಟರಿನಲ್ಲಿ ಬಂದು ಎಸೆದು ಹೋದದ್ದು. ನಾಯಿಗಳು ಅದನ್ನು ಹರಿದು ಮೀನಿನ ತಲೆ, ಕೋಳಿಯ ಎಲುಬು, ಅನ್ನ, ಮಗುವಿನ ಡೈಪರ್ ಎಲ್ಲವನ್ನೂ ದಾರಿಗೆ ಎಳೆದು ಹಾಕಿರುತ್ತಿದ್ದವು. ಮಕ್ಕಳು ಟೊಪ್ಪಿ ಹಾಕಿಕೊಂಡು, ಕಿತಾಬು ಎದೆಗೆ ಒತ್ತಿಕೊಂಡು, ಮೂಗು ಮುಚ್ಚಿ ಅದರ ಪಕ್ಕದಿಂದಲೇ ಒಳಗೆ ಬರುತ್ತಿದ್ದರು.

ಒಂದು ದಿನ ನಾವು ಕ್ಲಾಸಿನಲ್ಲಿ ದಾರಿಯ ಕಲ್ಲು ಮುಳ್ಳು ಸರಿಸುವುದೂ ಈಮಾನಿಗೆ ಸೇರಿದ ಕೆಲಸ ಎಂಬ ಪಾಠ ಮಾಡುತ್ತಿದ್ದೆವು. ಐದನೇ ಕ್ಲಾಸಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ: “ಉಸ್ತಾದೇ, ಕಲ್ಲು ತೆಗೆದವನಿಗೆ ಪ್ರತಿಫಲ ಉಂಟು. ಹಾಗಾದ್ರೆ ಚೀಲ ಬಿಸಾಡಿದವನಿಗೆ?”

ಕ್ಲಾಸಿನ ಮಕ್ಕಳೆಲ್ಲ ನಕ್ಕರು. ನಮಗೆ ನಗು ಬರಲಿಲ್ಲ. ಚೀಲ ಎಸೆಯುವವರನ್ನು ಹಿಡಿಯಲೇಬೇಕು ಎಂದು ಜಮಾಅತ್ ಕಮಿಟಿಯ ಇಬ್ಬರನ್ನು ಕರೆದು, ಕೈಗೆ ಗ್ಲೌಸ್ ಹಾಕಿ ಒಂದು ಚೀಲ ಬಿಚ್ಚಿದೆವು. ಒಳಗೆ ಇದ್ದದ್ದು ಹಿಂದಿನ ರಾತ್ರಿ ನಮ್ಮದೇ ಅಂಗಳದಲ್ಲಿ ನಡೆದ ಮೀಲಾದ್ ಕಾರ್ಯಕ್ರಮದ ಪೇಪರ್ ಪ್ಲೇಟು, ಅರ್ಧ ಕುಡಿದ ನೀರಿನ ಬಾಟಲಿ, ಮುದ್ದೆಯಾದ ನೈಚೋರು. ಕಾರ್ಯಕ್ರಮ ಮುಗಿದ ಮೇಲೆ ಕಸ ಎಲ್ಲಿಗೆ ಹಾಕಿದಿರಿ ಎಂದು ನಾವು ಯಾರನ್ನೂ ಕೇಳಿರಲಿಲ್ಲ. ಕೇಳಬೇಕು ಎಂದು ಹೊಳೆದೂ ಇರಲಿಲ್ಲ.

ನಮ್ಮ ಮೊಹಲ್ಲಾದಲ್ಲಿ ಗೊಬ್ಬರದ ಗುಂಡಿ ಶುರುವಾದದ್ದು ಆ ನಾಚಿಕೆಯಿಂದ. ಅದರಲ್ಲಿ ನಾವು ಸೋತದ್ದನ್ನೂ ಕಲಿತದ್ದನ್ನೂ ಇಲ್ಲಿ ಹೇಳುತ್ತಿದ್ದೇವೆ. ಬೇರೆ ಮೊಹಲ್ಲಾದವರಿಗೆ ನಮ್ಮ ತಪ್ಪಾದರೂ ಉಪಯೋಗಕ್ಕೆ ಬರಲಿ.

ಪಚ್ಚನಾಡಿಯ ಕೆಳಗಿನ ಮಂದಾರ

ಕಾರ್ಪೊರೇಷನ್ ಗಾಡಿ ಬಂದು ಕಸ ತೆಗೆದುಕೊಂಡು ಹೋದರೆ ನಮಗೆ ಕಸ ಮುಗಿಯಿತು. ಆದರೆ ಮಂಗಳೂರಿನ ಕಸ ಹೋಗಿ ಸೇರುವ ಪಚ್ಚನಾಡಿಯಲ್ಲಿ ಅದು ಮುಗಿಯುವುದಿಲ್ಲ. 2019ರ ಆಗಸ್ಟ್ ತಿಂಗಳ ಜಡಿಮಳೆಯಲ್ಲಿ ಅಲ್ಲಿನ ಕಸದ ಗುಡ್ಡ ಜಾರಿ ಕೆಳಗಿನ ಮಂದಾರದ ಕಡೆಗೆ ಹರಿದು ಬಂದದ್ದು ನಮ್ಮೆಲ್ಲರಿಗೂ ನೆನಪಿರಬೇಕು. ಅಡಿಕೆ, ತೆಂಗಿನ ತೋಟಗಳು ಕಸದಡಿ ಹೂತುಹೋದವು. ಬಾವಿಯ ನೀರು ಕೆಟ್ಟಿತು. ಇಪ್ಪತ್ತಕ್ಕೂ ಹೆಚ್ಚು ಕುಟುಂಬಗಳು ಹುಟ್ಟಿ ಬೆಳೆದ ಮನೆ ಬಿಟ್ಟು ಹೋಗಬೇಕಾಯಿತು. ಆ ಕಸದಲ್ಲಿ ನಮ್ಮ ಮನೆಯ ಬಿರಿಯಾನಿಯೂ ಇತ್ತು, ನೆರೆಮನೆಯ ಮದುವೆಯ ಊಟದ ಎಲೆಯೂ ಇತ್ತು. ಆ ತೋಟದವರು ನಮಗೆ ಏನು ಮಾಡಿದ್ದರು?

ಕಸದ ಗುಡ್ಡ ಜಾರುವುದಕ್ಕೂ ಹೊತ್ತಿ ಉರಿಯುವುದಕ್ಕೂ ನಮ್ಮ ಅಡುಗೆಮನೆಗೂ ಸಂಬಂಧ ಉಂಟು. ಅನ್ನ, ತರಕಾರಿ ಸಿಪ್ಪೆ, ಮೀನು ಮಾಂಸದ ಉಳಿಕೆಯನ್ನು ಹಸಿ ಕಸ ಎನ್ನುತ್ತೇವೆ. ನಮ್ಮ ದೇಶದ ನಗರಗಳ ಕಸದಲ್ಲಿ ತೂಕದ ಲೆಕ್ಕಕ್ಕೆ ಹೆಚ್ಚುಕಡಿಮೆ ಅರ್ಧ ಇದೇ. ಇದು ಪ್ಲಾಸ್ಟಿಕ್ ಜೊತೆ ಬೆರೆತು ಗುಡ್ಡದ ಅಡಿ ಸೇರಿದರೆ ಗಾಳಿ ಸಿಗುವುದಿಲ್ಲ. ಗಾಳಿಯಿಲ್ಲದೆ ಕೊಳೆತಾಗ ಮಿಥೇನ್ ಎಂಬ ಅನಿಲ ಹುಟ್ಟುತ್ತದೆ. ಬೇಸಿಗೆಯಲ್ಲಿ ಬೆಂಕಿ ಹತ್ತಿದರೆ ಸುಲಭಕ್ಕೆ ಆರದಿರುವುದು ಇದರಿಂದಲೇ. ಭೂಮಿಯ ಬಿಸಿ ಏರಿಸುವುದರಲ್ಲಿ ಈ ಅನಿಲ ಇಂಗಾಲದ ಡೈಆಕ್ಸೈಡಿಗಿಂತ 25 ಪಟ್ಟಿಗೂ ಹೆಚ್ಚು ಜೋರು. ಮಳೆಗಾಲದಲ್ಲಿ ಅದೇ ಕೊಳೆತ ರಾಶಿ ನೀರು ಕುಡಿದು ಭಾರವಾಗುತ್ತದೆ, ಒಳಗಿನ ಪ್ಲಾಸ್ಟಿಕ್ ಮೇಲೆ ಜಾರುತ್ತದೆ. ಕಪ್ಪು ರಸ ಇಳಿದು ತೋಡು, ಬಾವಿ ಸೇರುತ್ತದೆ.

ಹಸಿ ಕಸ ಮೊಹಲ್ಲಾದಲ್ಲೇ ಉಳಿದರೆ ಈ ತೊಂದರೆಯಲ್ಲಿ ದೊಡ್ಡ ಪಾಲು ಅಲ್ಲಿಗೇ ಮುಗಿಯಿತು. ಒಣ ಕಸ ಕೊಳೆಯುವುದಿಲ್ಲ, ನಾರುವುದಿಲ್ಲ, ಗುಜರಿಯವರಿಗೂ ಬೇಕು.

ಮೊದಲ ಗುಂಡಿ ನಾರಿತು

ಮದ್ರಸದ ಹಿಂದಿನ ಮೂಲೆಯಲ್ಲಿ ಸಿಮೆಂಟ್ ರಿಂಗ್ ಇಳಿಸಿ ನಾವು ಮೊದಲ ಗುಂಡಿ ಮಾಡಿದೆವು. ಅದೇ ವಾರ ಒಂದು ಮನೆಯ ಅಖೀಖಾದಲ್ಲಿ ಉಳಿದ ಅನ್ನವನ್ನೆಲ್ಲ ತಂದು ಒಟ್ಟಿಗೆ ಸುರಿದೆವು. ಮೂರನೇ ದಿನಕ್ಕೆ ಪಲ್ಲಿಯ ಒಳಗೆ ಸಫ್‌ನಲ್ಲಿ ನಿಲ್ಲಲಿಕ್ಕೆ ಆಗದಷ್ಟು ವಾಸನೆ. ನೊಣ, ಹುಳ. “ಉಸ್ತಾದ್ ಮದ್ರಸವನ್ನೇ ಡಂಪಿಂಗ್ ಯಾರ್ಡ್ ಮಾಡಿದ್ರು” ಎಂದು ಹೇಳಿದವರೂ ಉಂಟು. ತಪ್ಪೇನು ಹೇಳಲಿಲ್ಲ.

ಗೋಡೆಯ ಆಚೆ ಬದಿಯ ಮನೆಯಲ್ಲಿ ತುಳು ಮಾತಾಡುವ ಒಬ್ಬರು ಅಜ್ಜಿ ಇದ್ದಾರೆ. ಹಿಂದೆ ಹಟ್ಟಿ ತುಂಬ ದನ ಸಾಕಿದವರು. ಬೈಯಲಿಕ್ಕೆ ಬಂದರು ಎಂದುಕೊಂಡೆವು. ಗುಂಡಿಗೆ ಬಗ್ಗಿ ನೋಡಿ, “ಉಸ್ತಾದರೇ, ತರಗೆಲೆ ಹಾಕದೆ ಬರೀ ಅನ್ನ ಹಾಕಿದರೆ ನಾರದೆ ಮತ್ತೇನು? ಹಟ್ಟಿಗೊಬ್ಬರ ನೋಡಿಲ್ವಾ ನೀವು?” ಎಂದರು.

ನೋಡಿದ್ದೆವು. ನಮ್ಮ ಬಾಪಂದಿರ ಕಾಲದಲ್ಲಿ ಹಳ್ಳಿಯ ಬ್ಯಾರಿಗಳ ಮನೆಯಲ್ಲೂ ಹಟ್ಟಿ ಇತ್ತು. ದಿನಾ ಸೊಪ್ಪು ಹಾಸುವುದು, ಅದರ ಮೇಲೆ ಸೆಗಣಿ, ಮತ್ತೆ ಸೊಪ್ಪು. ಪೇಟೆಗೆ ಬಂದು ಮರೆತಿದ್ದೆವು. ಆ ದಿನ ಮಧ್ಯಾಹ್ನ ಅಜ್ಜಿಯ ಅಂಗಳದ ಹಲಸಿನ ಮರದ ಅಡಿಯಿಂದಲೇ ಎರಡು ಗೋಣಿ ತರಗೆಲೆ ಸಿಕ್ಕಿತು.

ಅಲ್ಲಿಂದ ನಾವು ಕಲಿತದ್ದು ಇಷ್ಟು. ಅಡಿಯಲ್ಲಿ ತೆಂಗಿನ ಸಿಪ್ಪೆ ಅಥವಾ ಕಡ್ಡಿಗಳ ಒಂದು ಪದರ ಇರಬೇಕು, ನೀರು ಇಳಿಯಲಿಕ್ಕೆ. ಅದರ ಮೇಲೆ ಒಂದು ಬಕೆಟ್ ಹಸಿ ಕಸ ಹಾಕಿದರೆ ಒಂದರಿಂದ ಎರಡು ಬಕೆಟ್ ತರಗೆಲೆ, ತೆಂಗಿನ ನಾರಿನ ಹುಡಿ ಅಥವಾ ಮರದ ಹುಡಿ ಹಾಕಿ ಪೂರ್ತಿ ಮುಚ್ಚಬೇಕು. ಸೆಗಣಿ ಕಲಸಿದ ನೀರನ್ನೋ ಹುಳಿ ಮಜ್ಜಿಗೆಯನ್ನೋ ಚಿಮುಕಿಸಿದರೆ ಕೊಳೆಸುವ ಸೂಕ್ಷ್ಮಜೀವಿಗಳು ಬೇಗ ಹೆಚ್ಚುತ್ತವೆ. ವಾರಕ್ಕೊಮ್ಮೆ ಕೋಲು ಹಾಕಿ ಮಗುಚಬೇಕು, ಗಾಳಿ ಒಳಗೆ ಹೋಗಲಿ. ಒಂದು ಮುಷ್ಟಿ ತೆಗೆದು ಹಿಂಡಿದರೆ ಒಂದೆರಡು ಹನಿ ಮಾತ್ರ ಬರಬೇಕು. ಧಾರೆಯಾಗಿ ಇಳಿದರೆ ಇನ್ನಷ್ಟು ಎಲೆ ಹಾಕಿ. ಪುಡಿ ಪುಡಿಯಾದರೆ ಸ್ವಲ್ಪ ನೀರು ಚಿಮುಕಿಸಿ.

ಸರಿಯಾಗಿ ನಡೆದರೆ ನಾಲ್ಕೈದು ದಿನದಲ್ಲಿ ರಾಶಿಯ ಒಳಗೆ ಕೈ ಇಡಲಾಗದಷ್ಟು ಬಿಸಿ ಏರುತ್ತದೆ. ಮೊದಲ ಸಲ ಹೊಗೆಯ ಹಾಗೆ ಹಬೆ ಎದ್ದಾಗ ಮಕ್ಕಳು ಬೆಂಕಿ ಬಿತ್ತು ಎಂದು ಓಡಿ ಬಂದಿದ್ದರು. ಎರಡು ಮೂರು ತಿಂಗಳಲ್ಲಿ ಕಪ್ಪು ಪುಡಿ ಸಿದ್ಧ. ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಗೊಬ್ಬರ ಆಯಿತು ಎಂದು ಲೆಕ್ಕ. ಮೀನಿನ ತಲೆ, ಕರುಳು ಹಾಕಬಹುದು, ಆದರೆ ನಡುವೆ ಇಟ್ಟು ದಪ್ಪಗೆ ಮುಚ್ಚಬೇಕು, ಮೇಲೆ ತಂತಿ ಬಲೆ ಇಡಬೇಕು. ಇಲ್ಲದಿದ್ದರೆ ಬೆಕ್ಕು, ಕಾಗೆ ಬಿಡುವುದಿಲ್ಲ. ದೊಡ್ಡ ಎಲುಬು ಬೇಗ ಕೊಳೆಯುವುದಿಲ್ಲ, ಅದನ್ನು ಬೇರೆ ಇಡಿ.

ಆಲಪ್ಪುಳ ಮಾಡಿ ತೋರಿಸಿದ್ದು

ಇದೆಲ್ಲ ನಾಲ್ಕು ಮನೆಯ ಹವ್ಯಾಸ, ಊರಿಗೆ ಆಗುವ ಕೆಲಸವಲ್ಲ ಎನ್ನುವವರಿಗೆ ಕೇರಳದ ಆಲಪ್ಪುಳದ ಕಥೆ ಹೇಳಬೇಕು. ಕಾಲುವೆಗಳ ಆ ಪುಟ್ಟ ನಗರ ತನ್ನ ಕಸವನ್ನು ಹತ್ತಿರದ ಸರ್ವೋದಯಪುರಂಗೆ ಸಾಗಿಸುತ್ತಿತ್ತು. ಅಲ್ಲಿನ ಜನ ವರ್ಷಗಟ್ಟಲೆ ವಾಸನೆ ತಿಂದು, ಕೊನೆಗೆ 2012ರಲ್ಲಿ ಲಾರಿಗಳನ್ನು ತಡೆದರು. ಆಲಪ್ಪುಳದ ಬೀದಿಗಳಲ್ಲಿ ಕಸ ರಾಶಿ ಬಿತ್ತು. ಆಗ ನಗರಸಭೆ ಇನ್ನೊಂದು ಹಳ್ಳಿ ಹುಡುಕುವ ಬದಲು ಕಸ ಹುಟ್ಟಿದ ಜಾಗದಲ್ಲೇ ಮುಗಿಯಲಿ ಎಂದು ತೀರ್ಮಾನಿಸಿತು. ಅದೇ ವರ್ಷ ‘ನಿರ್ಮಲ ಭವನಂ ನಿರ್ಮಲ ನಗರಂ’ ಯೋಜನೆ ಶುರುವಾಯಿತು. ಜಾಗ ಇದ್ದ ಮನೆಗೆ ಬಯೋಗ್ಯಾಸ್, ಇಲ್ಲದ ಮನೆಗೆ ಪೈಪ್ ಕಾಂಪೋಸ್ಟ್, ಏನೂ ಆಗದವರಿಗೆ ವಾರ್ಡಿನ ಮೂಲೆಯಲ್ಲಿ ಗಾಳಿಯಾಡುವ ಕಾಂಪೋಸ್ಟ್ ತೊಟ್ಟಿ. ಆ ತೊಟ್ಟಿಯ ಮಾದರಿ ಬಂದದ್ದು ತುಂಬೂರ್‌ಮುಳಿಯ ಪಶುವೈದ್ಯ ವಿಶ್ವವಿದ್ಯಾಲಯದ ಫಾರ್ಮಿನಿಂದ. ಸುಮಾರು ನಾಲ್ಕಡಿ ಉದ್ದ, ನಾಲ್ಕಡಿ ಅಗಲ, ನಾಲ್ಕಡಿ ಎತ್ತರ. ಬದಿಗಳಲ್ಲಿ ಗಾಳಿಗೆ ಸಂದು. ಒಳಗೆ ಸೆಗಣಿ, ತರಗೆಲೆ, ಕಸ, ಪದರದ ಮೇಲೆ ಪದರ. ತುಂಬಿದ ಮೇಲೆ 90 ದಿನ. ಅಜ್ಜಿ ಹೇಳಿದ ಹಟ್ಟಿಗೊಬ್ಬರವೇ! ಕಸ ನಿಭಾಯಿಸಿದ ರೀತಿಗಾಗಿ 2017ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗ ಹೆಸರಿಸಿದ ಐದು ನಗರಗಳಲ್ಲಿ ಜಪಾನಿನ ಒಸಾಕಾ ಜೊತೆ ಆಲಪ್ಪುಳವೂ ಇತ್ತು.

ಬಕೆಟ್ ಇಡುವವರು ಯಾರು?

ನಮ್ಮ ದೊಡ್ಡ ತಪ್ಪು ಇನ್ನೊಂದಿತ್ತು. ಗುಂಡಿಯ ತೀರ್ಮಾನ ಆದದ್ದು ಜುಮಾ ಕಳೆದ ಮೇಲೆ, ಗಂಡಸರ ನಡುವೆ. ಮನೆ ಮನೆಗೆ ಚೀಟಿ ಹಂಚಿದೆವು. ಒಂದು ತಿಂಗಳಾದರೂ ಅರ್ಧ ಮನೆಗಳಿಂದ ಬೆರಕೆ ಕಸವೇ ಬಂತು. ಕೊನೆಗೆ ಮಹಿಳೆಯರ ಕ್ಲಾಸಿನಲ್ಲಿ ಕೇಳಿಸಿದಾಗ ಒಬ್ಬರು ಉಮ್ಮ ಖಡಕ್ಕಾಗಿ ಹೇಳಿದರಂತೆ: “ಪಲ್ಲಿಯಲ್ಲಿ ತೀರ್ಮಾನ ಮಾಡುವವರು ಅವರು, ಮೀನು ಕೊಯ್ದು ಮೂರು ಬಕೆಟ್ ಇಡುವವರು ನಾವು. ನಮ್ಮನ್ನು ಯಾರು ಕೇಳಿದ್ದು?”

ಕೇಳಿದೆವು. ಅವರು ಹೇಳಿದ ಮೂರು ಬದಲಾವಣೆಯಿಂದಲೇ ಕೆಲಸ ನಡೆಯಿತು. ಹಸಿ ಕಸದ ಬಕೆಟಿಗೆ ಮುಚ್ಚಳ ಬೇಕು, ಅಡಿಯಲ್ಲಿ ಪೇಪರ್ ಹಾಸಬೇಕು. ಬಕೆಟನ್ನು ಗುಂಡಿಗೆ ತರುವುದು ಬೆಳಿಗ್ಗೆ ಸುಬ್‌ಹಿಗೆ ಬರುವ ಗಂಡಸರ ಕೆಲಸ. ಗುಂಡಿ ಮಗುಚಲು ಕೂಲಿ ಕೊಟ್ಟು ಒಬ್ಬರನ್ನು ಇಡಬೇಕು, ಮಕ್ಕಳಿಂದ ಮಾಡಿಸಬಾರದು. ಡೈಪರ್, ಒಡೆದ ಗಾಜು, ಸೂಜಿ ಪೇಪರಿನಲ್ಲಿ ಸುತ್ತಿ ಬೇರೆ ಕೊಡುವ ಪದ್ಧತಿಯನ್ನೂ ಅವರೇ ತಂದರು. ಬೆರಕೆ ಚೀಲದೊಳಗೆ ಕೈ ಹಾಕಿ ಪೌರಕಾರ್ಮಿಕರ ಕೈ ಕುಯ್ದುಕೊಳ್ಳುವುದು ನಮ್ಮ ಕಣ್ಣೆದುರಿನ ಸಂಗತಿ. ಅವರೂ ಯಾರದೋ ಮನೆಯ ತಾಯಿ, ಮಗ.

ಮದುವೆ ಮತ್ತು ಬಕ್ರೀದ್

ದಿನದ ಅಡುಗೆಮನೆಯ ಕಸ ಗುಂಡಿಗೆ ಹೊರೆಯಲ್ಲ. ನಮ್ಮನ್ನು ಸೋಲಿಸುವುದು ಸಮಾರಂಭ. ಸಾವಿರ ಜನರ ಮದುವೆಯಲ್ಲಿ ಪ್ಲೇಟಿನಲ್ಲಿ ಬಿಟ್ಟ ಬಿರಿಯಾನಿಯನ್ನು ಯಾವ ಮೊಹಲ್ಲಾದ ಗುಂಡಿಯೂ ಒಂದೇ ರಾತ್ರಿ ನುಂಗುವುದಿಲ್ಲ. ಅನ್ನ ಬಿಸಾಡುವುದು ಇಸ್ರಾಫ್ ಎಂದು ಮಕ್ಕಳಿಗೆ ಕಲಿಸುವ ನಾವು ದೊಡ್ಡವರ ಮದುವೆಯಲ್ಲಿ ಸುಮ್ಮನೆ ಕೂತಿರುತ್ತೇವೆ. ಹಿಂದೆ ಒಂದೇ ದೊಡ್ಡ ಬಟ್ಟಲಿನ ಸುತ್ತ ನಾಲ್ಕೈದು ಮಂದಿ ಕೂತು ಉಣ್ಣುತ್ತಿದ್ದಾಗ ಇಷ್ಟು ಉಳಿಯುತ್ತಿರಲಿಲ್ಲ.

ಈಗ ನಮ್ಮ ಜಮಾಅತ್‌ನಲ್ಲಿ ನಿಕಾಹ್ ದಿನ ಗೊತ್ತು ಮಾಡಲು ಬಂದವರ ಹತ್ತಿರ ಎರಡು ಮಾತು ಕೇಳುತ್ತೇವೆ. ಪಾತ್ರೆಯಲ್ಲೇ ಉಳಿದ ಒಳ್ಳೆಯ ಊಟವನ್ನು ಕೆಡುವ ಮೊದಲು ಕೊಂಡುಹೋಗಲು ಯಾರಿಗೆ ಹೇಳಿದ್ದೀರಿ? ಎಂಜಲು ಮತ್ತು ಪ್ಲೇಟು ಬೇರೆ ಬೇರೆ ಡ್ರಮ್ಮಿಗೆ ಹಾಕಲು ಯಾರು ನಿಲ್ಲುತ್ತಾರೆ? ಕಸ ಬೇರ್ಪಡಿಸುವುದು ನಮ್ಮ ಹೊಸ ಹಠವೇನಲ್ಲ. ಅಂಗಳದಲ್ಲೋ ಮೈದಾನದಲ್ಲೋ ನೂರಕ್ಕಿಂತ ಹೆಚ್ಚು ಜನ ಸೇರಿಸುವವರು ಮೂರು ಕೆಲಸದ ದಿನ ಮೊದಲೇ ಸ್ಥಳೀಯ ಆಡಳಿತಕ್ಕೆ ತಿಳಿಸಬೇಕು, ಕಸ ಬೇರ್ಪಡಿಸಿ ಕೊಡಬೇಕು ಎಂದು 2016ರ ಘನತ್ಯಾಜ್ಯ ನಿಯಮದಲ್ಲೇ ಬರೆದಿತ್ತು. ಎಲ್ಲರೂ ಒಪ್ಪುತ್ತಾರೆ ಎಂದಿಲ್ಲ. “ಮದುವೆ ಮನೆಯಲ್ಲಿ ಕಸದ ಮಾತು ಯಾಕೆ ಉಸ್ತಾದೇ?” ಎಂದು ಮುಖ ಗಂಟು ಹಾಕಿದವರೂ ಇದ್ದಾರೆ.

ಬಕ್ರೀದಿನ ಕರುಳು, ರಕ್ತ, ಚರ್ಮ ಮಾತ್ರ ಗೊಬ್ಬರದ ಗುಂಡಿಗೆ ಬೇಡ. ತೋಡಿಗೂ ಬೇಡ, ದಾರಿ ಬದಿಗೂ ಬೇಡ. ಆಡಳಿತದವರ ವ್ಯವಸ್ಥೆಗೆ ಕೊಡಬೇಕು, ಇಲ್ಲದ ಕಡೆ ಬಾವಿಯಿಂದ ದೂರದಲ್ಲಿ ಆಳವಾಗಿ ಹೂಳಬೇಕು. ಒಂದು ಮನೆಯ ಅಸಡ್ಡೆಗೆ ಇಡೀ ಸಮುದಾಯ ಮಾತು ಕೇಳಬೇಕಾಗುತ್ತದೆ. ಅದಕ್ಕಿಂತ ಮೊದಲು, ನೆರೆಯವನಿಗೆ ತೊಂದರೆ ಕೊಟ್ಟು ಮಾಡುವ ಇಬಾದತ್ ಯಾವುದು ಎಂದು ನಮಗೆ ನಾವೇ ಕೇಳಿಕೊಳ್ಳಬೇಕು.

ಇನ್ನು ಮಳೆ ಬರಲಿಕ್ಕೆ ಹೆಚ್ಚು ದಿನ ಇಲ್ಲ. ಗುಂಡಿಗೆ ನೀರು ಬಿದ್ದರೆ ಆರು ತಿಂಗಳ ಕೆಲಸ ಕೊಚ್ಚೆಯಾಗುತ್ತದೆ. ಈಗಲೇ ಮೇಲೆ ಶೀಟು ಹಾಕಿ, ಸುತ್ತ ಸಣ್ಣ ಕಟ್ಟೆ ಕಟ್ಟಿ, ಮಾರ್ಚ್ ಏಪ್ರಿಲ್‌ನಲ್ಲಿ ಉದುರಿದ ತರಗೆಲೆಯನ್ನು ಗೋಣಿಯಲ್ಲಿ ತುಂಬಿ ಒಣ ಜಾಗದಲ್ಲಿಡಿ. ತರಗೆಲೆಗೆ ಬೆಂಕಿ ಕೊಡುವವರಿದ್ದರೆ ಬೇಡಿ ತನ್ನಿ, ಮಳೆಗಾಲದಲ್ಲಿ ಅದೇ ಬಂಗಾರ. ಫ್ಲಾಟಿನಲ್ಲಿರುವವರು ತೂತು ಮಾಡಿದ ಎರಡು ಮಣ್ಣಿನ ಮಡಕೆಯಲ್ಲಿ ಬಾಲ್ಕನಿಯಲ್ಲೇ ಶುರು ಮಾಡಬಹುದು. ಒಂದು ತುಂಬುವಾಗ ಇನ್ನೊಂದು ಹಣ್ಣಾಗುತ್ತಿರುತ್ತದೆ.

ನಮ್ಮ ಗೋಡೆಯ ಬುಡಕ್ಕೆ ಈಗಲೂ ವಾರಕ್ಕೊಂದು ಚೀಲ ಬೀಳುತ್ತದೆ. ಪೂರ್ತಿ ನಿಂತಿಲ್ಲ. ಆದರೆ ಈ ಸಲ ಮೊದಲ ಗೊಬ್ಬರ ಜರಡಿ ಹಿಡಿದಾಗ ಎರಡು ಗೋಣಿ ತುಂಬಿ ಅಜ್ಜಿಯ ಮನೆಗೆ ಹೊತ್ತುಕೊಂಡು ಹೋದೆವು. ಮುಂದಿನ ವಾರ ಅವರ ಚಪ್ಪರದ ಬಸಳೆ ಒಂದು ಕಟ್ಟು ಮದ್ರಸಕ್ಕೆ ಬಂತು. ಪ್ರಶ್ನೆ ಕೇಳಿದ ಹುಡುಗನ ಮನೆಗೇ ಅದನ್ನು ಕಳಿಸಿದೆವು. ಯಾವುದಾದರೂ ಮೊಹಲ್ಲಾದವರಿಗೆ ನೋಡಬೇಕೆಂದಿದ್ದರೆ ಯಾವ ದಿನವಾದರೂ ಸುಬ್‌ಹಿ ಕಳೆದ ಮೇಲೆ ಬನ್ನಿ. ಬಕೆಟುಗಳು ಬರುವ ಹೊತ್ತು ಅದು, ಗುಂಡಿ ತೆರೆದೇ ಇರುತ್ತದೆ.