ಅಜ್ಜನ ಹೆಸರಿನ ಮೀಟರು, ಮೊಮ್ಮಕ್ಕಳ ಬಿಸಿಲು

ಕಾಸರಗೋಡಿನ ಅನೇಕ ಹಳೆಯ ಮನೆಗಳಿಗೆ ವಿದ್ಯುತ್ ಬಿಲ್ಲು ಇಂದಿಗೂ ಗತಿಸಿದ ಅಜ್ಜನ ಹೆಸರಿನಲ್ಲಿಯೇ ಬರುತ್ತದೆ. ಹಣ ಕಟ್ಟುವಾಗ ಇದು ಯಾರನ್ನೂ ಬಾಧಿಸದು. ಸಹಾಯಧನಕ್ಕೆ ಅರ್ಜಿ ಸಲ್ಲಿಸಹೊರಟಾಗ ಅದೇ ಹೆಸರು ಅಡ್ಡಲಾಗಿ ನಿಲ್ಲುತ್ತದೆ.

2024ರ ಫೆಬ್ರವರಿಯಲ್ಲಿ ಆರಂಭವಾದ ‘ಪಿಎಂ ಸೂರ್ಯ ಘರ್’ ಯೋಜನೆಯು ಒಂದು ಕೋಟಿ ಮನೆಗಳ ಛಾವಣಿಗೆ ಸೌರಫಲಕ ಅಳವಡಿಸುವ ಗುರಿ ಹೊಂದಿದೆ. ಕೇಂದ್ರ ಸರಕಾರ ಇದಕ್ಕೆ 75,021 ಕೋಟಿ ರೂಪಾಯಿ ಮಂಜೂರು ಮಾಡಿದೆ. ಅವಧಿ 2026-27ರ ಆರ್ಥಿಕ ವರ್ಷದವರೆಗೆ. ಒಂದು ಕಿಲೋವಾಟ್‌ಗೆ 30,000, ಎರಡಕ್ಕೆ 60,000, ಮೂರು ಅಥವಾ ಅದಕ್ಕೂ ಮೇಲ್ಪಟ್ಟ ಸಾಮರ್ಥ್ಯಕ್ಕೆ 78,000 ರೂಪಾಯಿ ಸಹಾಯಧನ.

ಆದರೆ ಈ ಹಣ ಮುಂಗಡವಾಗಿ ಕೈಸೇರದು. ನೋಂದಾಯಿತ ಸಂಸ್ಥೆಯಿಂದಲೇ ಫಲಕ ಅಳವಡಿಸಿ, ವಿದ್ಯುನ್ಮಂಡಳಿಯ ಪರಿಶೀಲನೆ ಮುಗಿದ ಬಳಿಕವೇ ಅರ್ಜಿದಾರರ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಅಲ್ಲಿಯವರೆಗಿನ ವೆಚ್ಚಕ್ಕೆ ಆಸ್ತಿ ಅಡವಿಲ್ಲದ ಬ್ಯಾಂಕ್ ಸಾಲದ ಸೌಲಭ್ಯವಿದೆ. ಆದರೂ ಸಾಲಪತ್ರಕ್ಕೆ ಸಹಿ ಹಾಕುವ ಮೊದಲು ತಿಂಗಳ ಕಂತನ್ನೂ ಉಳಿಯುವ ಬಿಲ್ಲಿನ ಮೊತ್ತವನ್ನೂ ತೂಗಿ ನೋಡುವುದು ವಿವೇಕ.

ಅರ್ಜಿದಾರನಿಗೆ ಸ್ವಂತ ಮನೆ, ಯೋಗ್ಯ ಛಾವಣಿ ಹಾಗೂ ಕ್ರಮಬದ್ಧ ವಿದ್ಯುತ್ ಸಂಪರ್ಕ ಇರಬೇಕೆಂಬುದು ನಿಯಮ. ಪಾಲಾಗದ ಮನೆಯಲ್ಲಿ ತೊಡಕು ಹುಟ್ಟುವುದೇ ಇಲ್ಲಿ. ವಾರಸುದಾರರ ಒಪ್ಪಿಗೆ ಪಡೆದು ಸಂಪರ್ಕದ ಹೆಸರು ಬದಲಾಯಿಸಿಕೊಳ್ಳುವುದೇ ಮೊದಲ ಹೆಜ್ಜೆ.

ಅರ್ಜಿ ತಿರಸ್ಕೃತವಾದರೆ ಭಾಷೆಯ ಅಳುಕಿನಿಂದ ಸುಮ್ಮನಿರಬೇಕಾಗಿಲ್ಲ. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ನೀಡಿದೆ. ಗಡಿನಾಡಿನ ಕನ್ನಡಿಗ ತನ್ನ ದೂರನ್ನು ಕನ್ನಡದಲ್ಲಿಯೇ ಬರೆಯಬಹುದು. ಅದಕ್ಕೆ ಮುನ್ನ ಮನೆಯ ದಾಖಲೆಗಳು ಸರಿಯಾಗಿರಬೇಕು.